ಮುಳ್ಳಿನ ಆಕಾರ, ಟಿ ಕೋಶದ ನೆನಪು



ಕೊರೊನಾ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಒಂದು ಪ್ರಶ್ನೆ ಎದ್ದಿತ್ತು: “ಎರಡು ಸೂಜಿ ಹಾಕಿಸಿಕೊಂಡೀವಿ, ಆದ್ರೂ ಜ್ವರ ಯಾಕ ಬಂತ್ರಿ?” ಇದು ನ್ಯಾಯವಾದ ಪ್ರಶ್ನೆ. ಅದಕ್ಕೆ ತಕ್ಕ ಉತ್ತರ ಕೊಡುವುದೇ ಈ ಉಪನ್ಯಾಸದ ಉದ್ದೇಶ.

ಕೊರೊನಾ ವೈರಾಣುವಿನ ಮೈಮೇಲೆ ಮುಳ್ಳುಮುಳ್ಳಾಗಿ ಎದ್ದಿರುವ ಪ್ರೋಟೀನಿಗೆ ಸ್ಪೈಕ್ ಎಂದು ಹೆಸರು. 1273 ಅಮೈನೋ ಆಮ್ಲಗಳ ಸರಪಳಿ ಮಡಚಿಕೊಂಡು, ಅಂಥ ಮೂರು ಸೇರಿದರೆ ಒಂದು ಮುಳ್ಳು. ಅದರ ತುದಿಯಿಂದ ವೈರಾಣು ನಮ್ಮ ಕೋಶಗಳನ್ನು ಹಿಡಿದು ಒಳಹೊಗುತ್ತದೆ. ದೇಹ ಈ ಮುಳ್ಳನ್ನು ಎರಡು ಬಗೆಯಲ್ಲಿ ಗುರುತಿಸುತ್ತದೆ. ಪ್ರತಿಕಾಯಗಳು ಅದರ ಹೊರ ಆಕಾರಕ್ಕೆ ಅಂಟಿಕೊಂಡು ವೈರಾಣುವನ್ನು ಬಾಗಿಲಲ್ಲೇ ತಡೆಯುತ್ತವೆ. ಟಿ ಕೋಶಗಳೆಂಬ ರಕ್ಷಣಾ ಕೋಶಗಳಿಗೆ ಇಡೀ ಮುಳ್ಳು ಕಾಣುವುದೇ ಇಲ್ಲ. ಸೋಂಕಾದ ಕೋಶವು ಆ ಪ್ರೋಟೀನನ್ನು ಕತ್ತರಿಸಿ, 8ರಿಂದ 10 ಅಮೈನೋ ಆಮ್ಲಗಳ ಚೂರನ್ನು ಎಚ್‌ಎಲ್‌ಎ ಎಂಬ ಅಣುವಿನ ಮೇಲಿಟ್ಟು ಹೊರಗೆ ತೋರಿಸುತ್ತದೆ. ಒಂದು ಅಗುಳು ಹಿಸುಕಿ ಗಡಿಗೆಯ ಅನ್ನದ ಹದ ಹೇಳುವಂತೆ, ಸಿಡಿ8 ಎಂಬ ಟಿ ಕೋಶ ಆ ಚೂರಿನಿಂದಲೇ ಒಳಗಿನ ಸ್ಥಿತಿ ತಿಳಿದು ಸೋಂಕಾದ ಕೋಶವನ್ನು ಕೊಲ್ಲುತ್ತದೆ. ಸಿಡಿ4 ಎಂಬ ಇನ್ನೊಂದು ಬಗೆಯ ಟಿ ಕೋಶ ತುಸು ಉದ್ದದ ಚೂರುಗಳನ್ನು ಓದಿ, ಹೋರಾಟ ಯಾವ ರೀತಿಯದಾಗಬೇಕೆಂದು ಉಳಿದ ಕೋಶಗಳಿಗೆ ತಿಳಿಸುತ್ತದೆ.

ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದ ಸುದ್ದಿ 2021ರ ಡಿಸೆಂಬರ್ 2ರಂದು ಹೊರಬಿತ್ತು. ಈ ತಳಿಯ ಮುಳ್ಳಿನಲ್ಲಿ 30ಕ್ಕೂ ಹೆಚ್ಚು ಬದಲಾವಣೆಗಳಾಗಿದ್ದವು. ಹಳೆಯ ಪ್ರತಿಕಾಯಗಳ ಹಿಡಿತ ತಪ್ಪಿತು. ಲಸಿಕೆ ಪಡೆದವರಿಗೂ ಜ್ವರ ಬಂತು. ಆದರೆ ಟಿ ಕೋಶಗಳು ಓದುವ ಚೂರುಗಳಲ್ಲಿ ಬಹುಪಾಲು ಹಾಗೆಯೇ ಉಳಿದಿದ್ದವು. ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಅಳೆದಾಗ, ಸ್ಪೈಕ್ ವಿರುದ್ಧದ ಟಿ ಕೋಶಗಳ ಪ್ರತಿಕ್ರಿಯೆ 70ರಿಂದ 80 ಪ್ರತಿಶತ ಉಳಿದಿತ್ತು. ಎಚ್‌ಎಲ್‌ಎ ಒಬ್ಬರಿಂದ ಒಬ್ಬರಿಗೆ ಬೇರೆಯಾದ್ದರಿಂದ, ಒಬ್ಬರ ಟಿ ಕೋಶಗಳಿಂದ ತಪ್ಪಿಸಿಕೊಂಡ ವೈರಾಣುವಿಗೆ ಇಡೀ ಊರಿನವರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಸೂಜಿ ಜ್ವರವನ್ನು ತಡೆಯದಿದ್ದರೂ ಅನೇಕರ ಜೀವ ಉಳಿಸಿದ್ದರಲ್ಲಿ ಟಿ ಕೋಶಗಳ ಪಾಲು ದೊಡ್ಡದು.

ಹಾಗೆಂದು ಯಾವ ಟಿ ಕೋಶವಾದರೂ ಸರಿ ಎನ್ನುವಂತಿಲ್ಲ. ಎಳೆಯ ಮಕ್ಕಳಿಗೆ ಉಬ್ಬಸ ತರುವ ಆರ್‌ಎಸ್‌ವಿ ಎಂಬ ವೈರಾಣುವಿನ ಚರಿತ್ರೆ ಇದನ್ನು ಕಠೋರವಾಗಿ ಕಲಿಸಿತು. 1966ರಲ್ಲಿ ಅಮೆರಿಕದಲ್ಲಿ ಆ ವೈರಾಣುವನ್ನು ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಕೂಸುಗಳಿಗೆ ಲಸಿಕೆಯಾಗಿ ಕೊಟ್ಟರು. ಮುಂದೆ ನಿಜವಾದ ಸೋಂಕು ತಗುಲಿದಾಗ ಲಸಿಕೆ ಪಡೆದ ಮಕ್ಕಳಲ್ಲಿ 80 ಪ್ರತಿಶತ ಆಸ್ಪತ್ರೆ ಸೇರಿದರು, ಇಬ್ಬರು ತೀರಿಕೊಂಡರು. ಆ ಲಸಿಕೆಯಲ್ಲಿ ಎಫ್ ಎಂಬ ಮೇಲ್ಮೈ ಪ್ರೋಟೀನು ತನ್ನ ಮೂಲ ಆಕಾರ ಕಳೆದುಕೊಂಡಿತ್ತು. ಹುಟ್ಟಿದ ಪ್ರತಿಕಾಯಗಳಿಗೆ ವೈರಾಣುವನ್ನು ತಡೆಯುವ ಬಲವಿರಲಿಲ್ಲ. ಸಿಡಿ4 ಕೋಶಗಳು ಟಿಎಚ್‌2 ಎಂಬ, ಅಲರ್ಜಿಗೆ ಹತ್ತಿರದ ದಾರಿ ಹಿಡಿದು ಶ್ವಾಸಕೋಶಗಳಲ್ಲಿ ಉರಿಯೂತ ಎಬ್ಬಿಸಿದವು. 2013ರಲ್ಲಿ ಎಫ್ ಪ್ರೋಟೀನಿನ ಮೂಲ ಆಕಾರ ತಿಳಿದು, ಅದನ್ನು ಕದಲದಂತೆ ನಿಲ್ಲಿಸಿದ ಮೇಲೆಯೇ 2023ರಲ್ಲಿ ಆರ್‌ಎಸ್‌ವಿ ಲಸಿಕೆಗೆ ಅನುಮತಿ ಸಿಕ್ಕಿತು.

ಆ ಪಾಠ 2021ರಲ್ಲಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ಲಸಿಕೆಯ ಸೀಸೆಗಳಲ್ಲೂ ಇತ್ತು. ಕೋವಿಶೀಲ್ಡ್ ಸ್ಪೈಕಿನ ವಂಶವಾಹಿಯನ್ನು ನಮ್ಮ ಕೋಶಗಳಿಗೇ ಕೊಡುತ್ತದೆ. ಪ್ರೋಟೀನು ಕೋಶದೊಳಗೇ ತಯಾರಾಗುವುದರಿಂದ ಸಿಡಿ8 ಕೋಶಗಳೂ ಎಚ್ಚರಗೊಳ್ಳುತ್ತವೆ. ಕೋವ್ಯಾಕ್ಸಿನ್ ನಿಷ್ಕ್ರಿಯಗೊಳಿಸಿದ ಇಡೀ ವೈರಾಣು. ಮುಳ್ಳಿನ ಜೊತೆಗೆ ಬೇರೆ ಪ್ರೋಟೀನುಗಳ ಚೂರುಗಳೂ ಅದರಲ್ಲಿ ಸಿಗುತ್ತವೆ. ಬಲ ಕೊಡಲು ಅದಕ್ಕೆ ಅಲ್ಯುಮಿನಿಯಂ ಲವಣ ಒಂದನ್ನೇ ಬೆರೆಸಿದರೆ ಪ್ರತಿಕ್ರಿಯೆ ಟಿಎಚ್‌2 ಕಡೆ ವಾಲಬಹುದೆಂದು, ಅದನ್ನು ವೈರಾಣು ಎದುರಿಸಲು ತಕ್ಕ ಟಿಎಚ್‌1 ಕಡೆ ತಿರುಗಿಸುವ ಅಣುವೊಂದನ್ನೂ ಸೇರಿಸಿದರು. ಪ್ರೋಟೀನು ಯಾವ ಆಕಾರದಲ್ಲಿ, ಯಾವ ದಾರಿಯಿಂದ, ಯಾವುದರ ಜೊತೆಗೆ ಬಂತು ಎಂಬುದರ ಮೇಲೆ ದೇಹದ ನೆನಪು ರೂಪುಗೊಳ್ಳುತ್ತದೆ ಎಂಬುದೇ ನನ್ನ ಮಾತಿನ ತಿರುಳು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರು ಜಿಲ್ಲೆಗೆ ಇನ್ನೊಂದು ಸಂಗತಿ ಮುಖ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ರಾಘವನ್ ವರದರಾಜನ್ ಅವರ ತಂಡ ಸ್ಪೈಕಿನ ತುದಿಯ ಸುಮಾರು 200 ಅಮೈನೋ ಆಮ್ಲಗಳ ಭಾಗದಿಂದ ಲಸಿಕೆಯೊಂದನ್ನು ರೂಪಿಸಿತು. ಒಣಗಿಸಿ ಪುಡಿ ಮಾಡಿದಾಗ ಅದು 37 ಡಿಗ್ರಿಯಲ್ಲಿ ಒಂದು ತಿಂಗಳು ಕೆಡದೆ ಉಳಿಯಿತು. ಐಸ್ ಪೆಟ್ಟಿಗೆ ಹೊತ್ತು ಹಳ್ಳಿ ತಿರುಗುವವರಿಗೆ ಇದು ದೊಡ್ಡ ಭರವಸೆ. ಆದರೆ ಪ್ರೋಟೀನು ಚಿಕ್ಕದಾದಷ್ಟೂ ಟಿ ಕೋಶಗಳಿಗೆ ಸಿಗುವ ಚೂರುಗಳು ಕಡಿಮೆ. ಆದ್ದರಿಂದ ಇಂಥ ಲಸಿಕೆಗಳನ್ನು ಪ್ರತಿಕಾಯದಿಂದ ಮಾತ್ರವಲ್ಲ, ಟಿ ಕೋಶಗಳಿಂದಲೂ ಅಳೆಯಬೇಕು.

ಈ ಅಳತೆ ಸುಲಭವಲ್ಲ. ಪ್ರತಿಕಾಯ ನೋಡಲು ಶೈತ್ಯೀಕರಿಸಿದ ರಕ್ತಸಾರ ಸಾಕು, ಎಷ್ಟು ದೂರಕ್ಕಾದರೂ ಕಳಿಸಬಹುದು. ಟಿ ಕೋಶ ನೋಡಲು ಜೀವಂತ ಕೋಶಗಳೇ ಬೇಕು. ರಕ್ತ ತೆಗೆದ ಕೆಲವೇ ಗಂಟೆಗಳಲ್ಲಿ ಅವನ್ನು ಬೇರ್ಪಡಿಸಿ ದ್ರವ ಸಾರಜನಕದಲ್ಲಿ ಇಡಬೇಕು. ಪ್ರಯೋಗಾಲಯ ಹತ್ತಿರವಿದ್ದವರ ರಕ್ತವೇ ವಿಜ್ಞಾನದ ಲೆಕ್ಕಕ್ಕೆ ಬರುತ್ತದೆ. ಗುಳೆ ಹೋಗಿ ಬರುವ ನಮ್ಮ ಕೂಲಿಕಾರರು, ದೇವದುರ್ಗ, ಮಾನ್ವಿಯ ತಾಯಂದಿರು ಆ ಲೆಕ್ಕದ ಹೊರಗೆ ಉಳಿಯುತ್ತಾರೆ.

2022ರ ಮೇ ತಿಂಗಳಿಂದ ರಾಯಚೂರಿನಲ್ಲಿ ಏಮ್ಸ್‌ಗಾಗಿ ಧರಣಿ ನಡೆಯಿತು. ಆ ಬೇಡಿಕೆಯನ್ನು ಹಾಸಿಗೆಗಳ ಸಂಖ್ಯೆಗೆ ಮಾತ್ರ ಸೀಮಿತಗೊಳಿಸಬಾರದು. ಟಿ ಕೋಶಗಳನ್ನು ಬೇರ್ಪಡಿಸಿ, ಕಾಪಿಟ್ಟು, ಅಳೆಯುವ ಪ್ರಯೋಗಾಲಯವೂ ಅದರೊಳಗೆ ಸೇರಬೇಕು. ಅಲ್ಲಿಯವರೆಗೆ ರಾಯಚೂರಿನ ವೈದ್ಯಕೀಯ ಸಂಸ್ಥೆಯಾದ ರಿಮ್ಸ್‌ನಲ್ಲಿ ಆ ಕೆಲಸ ಶುರುವಾಗಬೇಕು. ಮುಂದಿನ ಲಸಿಕೆ ನಮಗೆ ಒಗ್ಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ನಮ್ಮವರ ರಕ್ತದಿಂದಲೇ, ನಮ್ಮ ಜಿಲ್ಲೆಯಲ್ಲೇ ಸಿಗುವಂತಾಗಲಿ ಎಂದು ಈ ವೇದಿಕೆಯಿಂದ ಒತ್ತಾಯಿಸುತ್ತೇನೆ.