ಎಳೆಯುವ ಗಾಡಿ, ಹಿಂದೆ ಬರುವ ಗಾಡಿ



ಬಂಗಾರಪೇಟೆಯ ರಸ್ತೆಗಳಲ್ಲಿ ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳನ್ನು ನೀವು ನೋಡಿದ್ದೀರಿ. 'ಎಷ್ಟು ಹಾರ್ಸ್‌ಪವರ್?' ಎಂಬುದೇ ಎಲ್ಲರ ಮೊದಲ ಪ್ರಶ್ನೆ. ನನ್ನನ್ನು ಕೇಳಿದರೆ ಅದು ಎರಡನೆಯದು. ಗೇರ್ ಇಳಿಸಿದರೆ ಸಣ್ಣ ಎಂಜಿನ್ನೂ ನಿಧಾನವಾಗಿ ದೊಡ್ಡ ಭಾರವನ್ನು ಎಳೆದೀತು. ನಿಲ್ಲಿಸುವುದು ಹೇಗೆ?

ಲೆಕ್ಕ ಹಾಕೋಣ. ಟ್ರ್ಯಾಕ್ಟರ್ 2 ಟನ್, ತುಂಬಿದ ಟ್ರೇಲರ್ 5 ಟನ್ ಎನ್ನಿ. 20 ಅಡಿಗೆ 1 ಅಡಿ ಇಳಿಯುವ ರಸ್ತೆಯಲ್ಲಿ 7 ಟನ್ನಿನ ಇಪ್ಪತ್ತನೇ ಒಂದು ಪಾಲು, ಅಂದರೆ 350 ಕಿಲೋ ತೂಕದಷ್ಟು ಬಲ, ಗಾಡಿಯನ್ನು ಕೆಳಕ್ಕೆ ಸೆಳೆಯುತ್ತದೆ. ಅದರಲ್ಲಿ 250 ಕಿಲೋ ಟ್ರೇಲರಿನದೇ. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಅದು ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ತಿರುವಿನಲ್ಲಾದರೆ ಪಕ್ಕಕ್ಕೆ ಮಡಚಿಯೂಬಿಡಬಹುದು. ಬಂಗಾರಪೇಟೆಯಿಂದ ಕೆ.ಜಿ.ಎಫ್.ನ ಮಾರಿಕುಪ್ಪಕ್ಕೆ ಹೋಗುವ ರೈಲನ್ನು ಗಮನಿಸಿ: ಅಲ್ಲಿ ಪ್ರತಿ ಬೋಗಿಗೂ ಬ್ರೇಕ್ ಇದೆ.

ಇನ್ನು ಭಾರ ತುಂಬುವ ಬಗೆ. ಎತ್ತಿನ ಗಾಡಿಯಲ್ಲಿ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತುಗಳ ಕೊರಳು ಬಿಗಿಯುತ್ತದೆ. ನಮ್ಮ ಹಿರಿಯರಿಗೆ ಇದನ್ನು ಯಾರೂ ಪಾಠ ಹೇಳಬೇಕಿರಲಿಲ್ಲ. ಎರಡು ಚಕ್ರದ ಟ್ರೇಲರಿಗೂ ಇದೇ ನಿಯಮ. ಹಿಂಭಾರವಾದರೆ ಕೊಕ್ಕೆಯು ಟ್ರ್ಯಾಕ್ಟರಿನ ಹಿಂಬದಿಯನ್ನು ಮೇಲಕ್ಕೆತ್ತಿ ದೊಡ್ಡ ಚಕ್ರಗಳ ಹಿಡಿತವನ್ನು ಕಸಿಯುತ್ತದೆ. ಸಾಮಾನ್ಯವಾಗಿ ಬ್ರೇಕ್ ಇರುವುದೂ ಆ ಚಕ್ರಗಳಿಗೇ! ಮುಂಭಾರ ಅತಿಯಾದರೋ, ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಅಮೆರಿಕದಲ್ಲಿ ಪಿಕಪ್ ವಾಹನಕ್ಕೆ ಟ್ರೇಲರ್ ಕಟ್ಟುವವರು ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಕೊಕ್ಕೆಯ ಮೇಲೆ ಬೀಳುವಂತೆ ನೋಡಿಕೊಳ್ಳುತ್ತಾರೆ. ನಮ್ಮಲ್ಲಿ ಟೊಮೆಟೊ ಕ್ರೇಟುಗಳನ್ನು ಪೇರಿಸುವಾಗಲೂ ಭಾರ ಅಚ್ಚಿಗಿಂತ ತುಸು ಮುಂದಕ್ಕಿರಬೇಕು.