ಹಿಡಿ ಅಕ್ಕಿ ಮತ್ತು ಸೌಟು
(ಹಾಸ್ಟೆಲ್ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತುಗಳು)

ಕ್ರೈಸ್ತ ಸಭೆಯ ಬಗ್ಗೆ ಮಾತಾಡ್ತೀವಿ ಅಂದಾಗ ನಿಮ್ಮಲ್ಲಿ ಕೆಲವರು ಮುಖ ಮುಖ ನೋಡಿಕೊಂಡಿರಿ. ನಾವು ಮತಪ್ರಚಾರಕ್ಕೆ ಬಂದವರಲ್ಲ. ನಮ್ಮ ಕೇರಿಗಳಿಂದಲೇ ಎಷ್ಟೋ ಮನೆಗಳು ಆ ಸಭೆಗೆ ಹೋಗಿವೆ. ಅಲ್ಲಿ ಅವರಿಗೆ ಸಿಕ್ಕಿದ್ದೇನು, ಸಿಗದೆ ಹೋದದ್ದೇನು ಎಂದು ಕೇಳುವ ಹಕ್ಕು ನಮಗಿದೆ. ಹಂಚಿಕೊಂಡು ತಿನ್ನಬೇಕೆಂಬ ಮಾತು ಎಲ್ಲ ಮತಗಳ ಬಾಯಲ್ಲೂ ಇದೆ. ಹಂಚುವ ಸೌಟು ಯಾರ ಕೈಲಿದೆ ಅನ್ನೋದೇ ನಮ್ಮ ಪ್ರಶ್ನೆ.

ಬೈಬಲ್ಲಿನ 'ಅಪೊಸ್ತಲರ ಕೃತ್ಯಗಳು' ತೆಗೆದು ನೋಡಿ. ಜೆರೂಸಲೇಮಿನ ಮೊದಲ ಸಭೆಯಲ್ಲಿ ಹೊಲ ಇದ್ದವರು ಹೊಲ ಮಾರಿದರು, ಮನೆ ಇದ್ದವರು ಮನೆ ಮಾರಿದರು. ಬಂದ ದುಡ್ಡನ್ನು ಒಂದೆಡೆ ಹಾಕಿ, ಯಾರಿಗೆ ಎಷ್ಟು ಕೊರತೆಯೋ ಅಷ್ಟು ಕೊಟ್ಟರು. ಆದರೆ ನಾಲ್ಕು ಪುಟ ತಿರುವುವಷ್ಟರಲ್ಲಿ ತಕರಾರು. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡ್ತಿದ್ದರು. ಭಾಷೆ ಬೇರೆ, ಮನೇಲಿ ಗಂಡಿಲ್ಲ, ಕೇಳೋರು ಯಾರು? ಅವರ ಕಡೆಯವರು ಗೊಣಗಿದರು. ಹಿರಿಯರು ತಾಳ್ಮೆಯ ಉಪದೇಶ ಮಾಡಿ ಬಾಯಿ ಮುಚ್ಚಿಸಲಿಲ್ಲ. ಸಭೆಯೇ ಏಳು ಜನರನ್ನು ಆರಿಸಿ ಹಂಚುವ ಕೆಲಸ ಒಪ್ಪಿಸಿತು. ಸ್ತೆಫನ, ಫಿಲಿಪ್ಪ, ನಿಕನೋರ... ಏಳಕ್ಕೆ ಏಳೂ ಗ್ರೀಕ್ ಹೆಸರುಗಳು! ಅಂದರೆ ಯಾರಿಗೆ ಊಟ ತಪ್ಪಿತ್ತೋ ಅವರ ಕಡೆಯ ಕೈಗೇ ಸೌಟು ಬಂತು ಎಂದು ನಾವು ಓದಿಕೊಳ್ಳುತ್ತೇವೆ. ದಾನಕ್ಕೂ ನ್ಯಾಯಕ್ಕೂ ಇರುವ ದೂರ ಇಷ್ಟೇ.

ಸುಮಾರು 20 ವರ್ಷದ ಮೇಲೆ ಕೊರಿಂಥದ ಸಭೆ ಏನಾಯ್ತು? ಉಳ್ಳವರು ತಮ್ಮ ಬುತ್ತಿ ಬಿಚ್ಚಿ ತಾವೇ ಮೊದಲು ತಿಂದು, ಕುಡಿದು ಕೂತಿರ್ತಿದ್ದರು. ಇಲ್ಲದವರು ಹಸಿದುಕೊಂಡೇ ಇರಬೇಕಾಗ್ತಿತ್ತು. ಇದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಕಾಗದ ಬರೆದು ಬೈದ. ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂದ.

ಆ ಕಾಗದ ಈ ದೇಶಕ್ಕೂ ಬಂತು. ಅದರ ಜೊತೆ ಜಾತಿಯೂ ಚರ್ಚಿನ ಒಳಗೆ ಬಂದು ಕೂತಿತು. ತಮಿಳು ನಾಡಿನ ಸಭೆಗಳಲ್ಲಿ ಕೂರುವ ಜಾಗ ಬೇರೆ, ಕರ್ತನ ಭೋಜನದಲ್ಲಿ ಸರದಿ ಬೇರೆ. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಇದೆಲ್ಲ ನಿಲ್ಲಬೇಕೆಂದು ಆಜ್ಞೆ ಮಾಡಿದಾಗ, ಜಾತಿ ಬಿಡಲೊಲ್ಲದೆ ಸಭೆಯನ್ನೇ ಬಿಟ್ಟವರಿದ್ದರು. ದೇವರನ್ನು ಬದಲಾಯಿಸೋದು ಸುಲಭ ಗೆಳೆಯರೇ, ಪಕ್ಕದಲ್ಲಿ ಕೂರುವವನನ್ನು ಒಪ್ಪೋದು ಕಷ್ಟ.

ನಮ್ಮ ಕರಾವಳಿಗೆ ಬನ್ನಿ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಸೇರಿದ ಮರುದಿನದಿಂದ ನೆಂಟರಿಲ್ಲ, ಗೇಣಿ ಭೂಮಿ ಇಲ್ಲ, ಹೆಂಡ ಇಳಿಸುವ ಕಸುಬು ಮಿಷನ್ನಿಗೆ ಆಗದು. ಹೊಟ್ಟೆಗೇನು? ಮಿಷನ್ ನೇಯ್ಗೆ ಹಾಕಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿತು. ಸಾವಿರಾರು ಮನೆಗಳ ಒಲೆ ಉರಿಯಿತು, ಇದನ್ನು ನಾವು ಸಣ್ಣದು ಮಾಡಲ್ಲ. ಆದರೆ ಕೂಲಿ ಕೊಡುವವರೂ ಅವರೇ, ಶಾಲೆ ನಡೆಸುವವರೂ ಅವರೇ, ಪ್ರಾರ್ಥನೆ ಮಾಡಿಸುವವರೂ ಅವರೇ. ಮೊದಲ ಮಹಾಯುದ್ಧ ಬಂತು. ಜರ್ಮನರಿದ್ದ ಮಿಷನ್ ಎಂದು ಬ್ರಿಟಿಷ್ ಸರ್ಕಾರ ಕಾರ್ಖಾನೆಗಳನ್ನು ವಶ ಮಾಡಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಮಣ್ಣು ತುಳಿದವರನ್ನು ಯಾರೂ ಕೇಳಲಿಲ್ಲ. ಎಲ್ಲರೂ ಒಬ್ಬನ ಮೇಲೆ ನಿಲ್ಲೋದು ಬೇರೆ, ಒಬ್ಬರ ಮೇಲೊಬ್ಬರು ನಿಲ್ಲೋದು ಬೇರೆ.

ಹಾಗೆ ನಿಂತವರೂ ಇದ್ದಾರೆ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರ ದಶಕದಿಂದ ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿ ತೆಗೆದಿಡುತ್ತಾರೆ. 'ಬುಹ್‌ಫಾಯ್ ಥಾಮ್' ಅಂತಾರೆ. ಅದನ್ನು ಕೂಡಿಸಿ, ಮಾರಿ, ಸಭೆಯ ಕೆಲಸಕ್ಕೆ ಕೊಡ್ತಾರೆ. ಹಿಡಿಹಿಡಿಯಾಗಿ ಬಂದದ್ದು ಈಗ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ. ಕೈಯಲ್ಲಿ ಕಾಸಿಲ್ಲದ ಹೆಣ್ಣುಮಗಳೂ ಅಲ್ಲಿ ಕೊಡುವವಳೇ. ಆದರೆ ಅಲ್ಲೂ ನಮ್ಮ ಪ್ರಶ್ನೆ ಬಿಡಲ್ಲ: ಅಕ್ಕಿ ತೆಗೆದಿಟ್ಟವಳ ಮಾತು ಲೆಕ್ಕದ ಪುಸ್ತಕದ ಮುಂದೆ ಎಷ್ಟು ನಡೆಯುತ್ತೆ?

ಇದೆಲ್ಲ ನಮಗ್ಯಾಕೆ ಅಂತೀರಾ? ಇದಕ್ಕೆ: 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರು ಇನ್ನೂ ಹೊರಗೆ. ಒಂದೇ ಕೇರಿ, ಒಂದೇ ಬಾವಿ, ಒಂದೇ ಬೈಗುಳ. ಆದರೂ ಒಬ್ಬನಿಗೆ ಆ ಪಟ್ಟಿಯ ಸ್ಕಾಲರ್‌ಶಿಪ್ ಇದೆ, ಇನ್ನೊಬ್ಬನಿಗಿಲ್ಲ. ಅವನು ಮತ ಬಿಟ್ಟ ಅಂತ ನಾವು ಅವನ ಕೈಬಿಟ್ಟರೆ, ಕೇರಿಯನ್ನು ಒಡೆದ ಕೆಲಸ ನಮ್ಮದೇ ಆಗುತ್ತೆ.

ಆದ್ದರಿಂದ ನಮ್ಮ ಹಾಸ್ಟೆಲುಗಳಲ್ಲಿ ಒಂದು ಡಬ್ಬಿ ಇಡೋಣ. ಸ್ಕಾಲರ್‌ಶಿಪ್ ಬಂದಾಗ ಆದಷ್ಟು ಹಾಕೋಣ. ಪರೀಕ್ಷೆ ಫೀಸು, ಬಸ್ ಚಾರ್ಜು, ಪುಸ್ತಕ ಯಾರಿಗೆ ಬೇಕೋ ಅವರು ತಗೊಳ್ಳಲಿ, ಅವನ ದೇವರು ಯಾರೆಂದು ಕೇಳೋದು ಬೇಡ. ಬೀಗದ ಕೈ ವಾರ್ಡನ್ ಹತ್ತಿರವೂ ಬೇಡ, ಭಾಷಣ ಮಾಡುವ ನಮ್ಮಂಥವರ ಹತ್ತಿರವೂ ಬೇಡ. ಯಾರು ಹೆಚ್ಚು ಸಲ ಬಿಟ್ಟುಹೋಗಿದ್ದಾರೋ ಅವರೇ ಇಟ್ಟುಕೊಳ್ಳಲಿ. ಲೆಕ್ಕ ತಿಂಗಳಿಗೊಮ್ಮೆ ಗೋಡೆಗೆ ಅಂಟಲಿ. ತಗೊಂಡವನು ತಲೆ ತಗ್ಗಿಸಬೇಕಾಗಿಲ್ಲ, ಕೊಟ್ಟವನು ಎದೆ ಸೆಟೆಸಬೇಕಾಗಿಲ್ಲ. ಇವತ್ತು ಕೊಟ್ಟವನು ನಾಳೆ ಕೇಳುವವನೇ.

ಬಾಬಾಸಾಹೇಬರು ಸಂವಿಧಾನದಲ್ಲಿ ಬರೆಸಿದ ಬಂಧುತ್ವ ಎಂಬ ಪದಕ್ಕೆ ನಮ್ಮ ಮೆಸ್ಸಿನಲ್ಲಿ ಇದೇ ಅರ್ಥ. ಹಿಡಿ ಚಿಕ್ಕದಿರಲಿ, ಸೌಟು ಎಲ್ಲರದಾಗಲಿ.

ಜೈ ಭೀಮ್.