ನಮ್ಮ ತಂಡದ ಹೆಣ್ಣುಮಕ್ಕಳು

ಓದುಗರೆ, ನಾನು ಒಂದು ಕಾಲ್ಚೆಂಡಿನ ತಂಡದ ಕಡೆಯವನು. ಕಡೆಯವನೆಂದರೆ ಆಡುವವನಲ್ಲ, ಆಡಿಸುವವನೂ ಅಲ್ಲ, ಹಣ ಹಾಕಿದವನಂತೂ ಮೊದಲೇ ಅಲ್ಲ. ಆಟವಿದ್ದ ದಿನ ಹೋಗಿ ಮೆಟ್ಟಿಲ ಮೇಲೆ ಕುಳಿತು, ಗೆದ್ದರೆ ಚಪ್ಪಾಳೆ ತಟ್ಟಿ, ಸೋತರೆ ಇನ್ನೂ ಸ್ವಲ್ಪ ಜೋರಾಗಿ ತಟ್ಟಿ ಎದ್ದು ಬರುವವನು. ಇದರಲ್ಲಿ ವಿಶೇಷವೇನು ಎಂದು ನೀವು ಕೇಳಬಹುದು. ವಿಶೇಷ ಎರಡು. ನನ್ನ ತಂಡ ಹೆಣ್ಣುಮಕ್ಕಳ ತಂಡ ಎಂಬುದು ಒಂದು. ತಂಡವಿರುವುದು ಬೆಂಗಳೂರಿನಲ್ಲಿ, ನಾನಿರುವುದು ಕೊಕ್ಕರೆ ಬೆಳ್ಳೂರಿನಲ್ಲಿ ಎಂಬುದು ಇನ್ನೊಂದು. ನಡುವೆ ಎಂಬತ್ತು ಕಿಲೋಮೀಟರಿನಷ್ಟು ದಾರಿ.

ನಮ್ಮೂರಿನ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಮದ್ದೂರು ತಾಲ್ಲೂಕಿನದು. ಮೈಸೂರು ಹೆದ್ದಾರಿಯನ್ನು ರುದ್ರಾಕ್ಷಿಪುರದ ಬಳಿ ಬಿಟ್ಟು ಹನ್ನೆರಡು ಕಿಲೋಮೀಟರು ಒಳಕ್ಕೆ ಬಂದರೆ ಸಿಕ್ಕುತ್ತದೆ. ಶಿಂಷಾ ಹೊಳೆಗೆ ಸಮೀಪ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರ ನಡುವಿನ ಹುಣಸೆ, ಆಲ, ಅತ್ತಿಯ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡಿಕೊಂಡು ಹೋಗುತ್ತವೆ. ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು, ನಾವೂ ಹೇಳುತ್ತೇವೆ. ಈ ಮಾತು ನೆನಪಿನಲ್ಲಿರಲಿ. ಕೊನೆಗೆ ಅದೇ ಮಾತಿಗೆ ನಾನು ಬರಬೇಕಾಗಿದೆ.

ಫುಟ್‌ಬಾಲ್ ಆಟಕ್ಕೂ ನನಗೂ ಮೊದಲಿಂದ ನಂಟಿರಲಿಲ್ಲ. ಇಂಥ ನನ್ನನ್ನು ಈ ದಾರಿಗೆ ಎಳೆದವಳು ನನ್ನ ಮೊಮ್ಮಗಳು. ೨೦೨೩ರ ಮಾರ್ಚ್ ೪ರಂದು ಕರ್ನಾಟಕದ ಗಂಡಸರ ತಂಡ ದೂರದ ರಿಯಾದ್ ನಗರದಲ್ಲಿ ಮೇಘಾಲಯವನ್ನು ಮೂರಕ್ಕೆ ಎರಡು ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಹಳೆಯ ಮೈಸೂರು ರಾಜ್ಯದ ಹೆಸರಿನಲ್ಲಿ ೧೯೬೮-೬೯ರಲ್ಲಿ ಗೆದ್ದ ಮೇಲೆ ಐವತ್ತನಾಲ್ಕು ವರ್ಷಕ್ಕೆ ಬಂದ ಗೆಲವು ಅದು. ಪತ್ರಿಕೆಯಲ್ಲಿ ಓದಿ ಎಲ್ಲರಂತೆ ನಾನೂ ಹಿಗ್ಗಿದೆ. ಎರಡು ತಿಂಗಳಾದ ಮೇಲೆ, ಮೇ ೨೧ರ ದಿನ, ಮೊಮ್ಮಗಳು ಮೊಬೈಲು ಹಿಡಿದುಕೊಂಡು ಬಂದು, "ತಾತ, ನಮ್ಮ ಬೆಂಗಳೂರಿನ ಹುಡುಗಿಯರು ಫೈನಲ್ ಆಡ್ತಾವ್ರೆ, ಬನ್ನಿ" ಎಂದಳು. ನಮ್ಮ ಊರಿನಲ್ಲಿ ಆ ಸಂಗತಿ ಬಲ್ಲವರು ಅವಳೊಬ್ಬಳೇ ಇದ್ದಿರಬೇಕು.

ಆಟ ನಡೆದದ್ದು ಅಹಮದಾಬಾದಿನಲ್ಲಿ, ಭಾರತ ಮಹಿಳೆಯರ ಲೀಗಿನ ಅಂತಿಮ ಪಂದ್ಯ. ಒಂದು ಕಡೆ ಕೇರಳದ ಗೋಕುಲಂ, ಇನ್ನೊಂದು ಕಡೆ ಬೆಂಗಳೂರಿನ ಕಿಕ್‌ಸ್ಟಾರ್ಟ್. ಅಂಗೈಯಗಲದ ತೆರೆಯ ಮೇಲೆ ಇಪ್ಪತ್ತೆರಡು ಮಂದಿ ಇರುವೆಗಳ ಹಾಗೆ ಓಡಾಡಿದರು. ನಮ್ಮವರು ಒಂದಲ್ಲ ಎರಡಲ್ಲ, ಐದು ಗೋಲು ತಿಂದರು. ತಿರುಗಿ ಒಂದನ್ನೂ ಕೊಡಲಿಲ್ಲ. ಗೋಕುಲಂ ಅದಕ್ಕೆ ಮೊದಲೇ ಎರಡು ಸಲ ಲೀಗನ್ನು ಗೆದ್ದಿದ್ದ ಗಟ್ಟಿ ತಂಡ. ಐದನೆಯ ಗೋಲು ಬಿದ್ದಮೇಲೂ ನಮ್ಮ ಹುಡುಗಿಯೊಬ್ಬಳು ಚೆಂಡನ್ನು ಬಲೆಯಿಂದ ತೆಗೆದುಕೊಂಡು ನಡುಗೆರೆಯ ಕಡೆಗೆ ಓಡಿದಳು. ನಡೆಯಲಿಲ್ಲ, ಓಡಿದಳು. ಗೆಲ್ಲುವ ಆಸೆ ಸತ್ತಮೇಲೂ ಹೊತ್ತನ್ನು ಹಾಳುಮಾಡಬಾರದೆಂಬ ಆ ಅವಸರ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಅಂದಿನಿಂದ ನಾನು ಆ ತಂಡದವನು.

ಈ ಲೀಗು ಶುರುವಾದದ್ದು ೨೦೧೬-೧೭ರಲ್ಲಿ. ಮೊದಲ ಸಲ ಗೆದ್ದವರು ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ನಿನವರು. ಹಲವು ವರ್ಷ ಇದು ಜಾತ್ರೆಯಂತೆ ನಡೆಯಿತು. ಎಲ್ಲ ತಂಡಗಳೂ ಒಂದೇ ಊರಿನಲ್ಲಿ ಸೇರಿ, ಕೆಲವು ವಾರ ಆಡಿ, ಗಂಟುಮೂಟೆ ಕಟ್ಟಿ ಹೊರಡುತ್ತಿದ್ದವು: ಒಂದು ವರ್ಷ ದೆಹಲಿ, ಒಂದು ವರ್ಷ ಷಿಲ್ಲಾಂಗ್, ಮತ್ತೊಂದು ವರ್ಷ ಲೂಧಿಯಾನ. ೨೦೨೦ರಲ್ಲಿ ಬೆಂಗಳೂರಿನ ಸರದಿ ಬಂತು. ಹೀಗೆ ನಡೆದರೆ ತಂಡಕ್ಕೆ 'ನಮ್ಮೂರು' ಎಂಬುದೇ ಇರುವುದಿಲ್ಲ. ಬೆಂಗಳೂರಿನ ತಂಡ ಲೂಧಿಯಾನದಲ್ಲಿ ಆಡಿದರೆ ಅದನ್ನು ಕೂಗಿ ಹುರಿದುಂಬಿಸುವವರು ಯಾರು? ೨೦೨೩-೨೪ರಲ್ಲಿ ಏರ್ಪಾಡು ಬದಲಾಯಿತು. ಒಂದು ಪಂದ್ಯ ನಮ್ಮ ಅಂಗಳದಲ್ಲಿ, ಒಂದು ಎದುರಾಳಿಯ ಅಂಗಳದಲ್ಲಿ. ಈ ಒಂದು ಬದಲಾವಣೆಯಿಂದಲೇ ನನ್ನಂಥವನು ಅಭಿಮಾನಿಯಾಗುವುದು ಸಾಧ್ಯವಾಯಿತು. ಅಂಗಳವಿದ್ದರೆ ತಾನೆ ಜಗಲಿ!

ನಮ್ಮ ಪ್ರಯಾಣವನ್ನು ಕೇಳಿ. ಬೆಳಗ್ಗೆ ಊರು ಬಿಟ್ಟು ಹೆದ್ದಾರಿಗೆ ಬಂದು ಬೆಂಗಳೂರು ಬಸ್ಸು ಹತ್ತುತ್ತೇವೆ. ೨೦೨೩ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲವಷ್ಟೆ. ಮೊಮ್ಮಗಳಿಗೆ ಬಿಟ್ಟಿ ಪ್ರಯಾಣ, ತಾತನಿಗೆ ಮಾತ್ರ ಟಿಕೆಟ್ಟು. "ಹೆಣ್ಮಕ್ಕಳ ಆಟ ನೋಡೋಕೆ ಗಂಡಸರು ಕಾಸು ಕೊಡ್ಬೇಕು ತಾತ" ಎಂದು ಅವಳು ನಗುತ್ತಾಳೆ. ಮೆಜೆಸ್ಟಿಕ್ಕಿನಲ್ಲಿ ಇಳಿದು, ಮೆಟ್ರೋ ರೈಲಿನಲ್ಲಿ ಮಹಾತ್ಮಾ ಗಾಂಧಿ ರಸ್ತೆಗೆ ಹೋಗಿ, ಅಲ್ಲಿಂದ ನಡೆದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಸೇರುತ್ತೇವೆ. ಬುತ್ತಿ ಮನೆಯದೇ.

ಮೊದಲ ಸಲ ಹೋದಾಗ ಕ್ರೀಡಾಂಗಣದ ತುಂಬ ಜನರಿರುತ್ತಾರೆಂದು ಭಾವಿಸಿ ಬೇಗನೆ ಹೋಗಿ ಜಾಗ ಹಿಡಿದಿದ್ದೆ. ನನ್ನ ಟವಲು ಹಾಕಿದ ಜಾಗಕ್ಕೆ ಯಾರೂ ಆಸೆಪಡಲಿಲ್ಲ. ಆಟ ಶುರುವಾದಾಗ ಸುತ್ತ ನೋಡಿದರೆ ಆಡುವ ಹುಡುಗಿಯರ ಗೆಳತಿಯರು, ಒಂದಷ್ಟು ಶಾಲೆಯ ಮಕ್ಕಳು, ನಾವಿಬ್ಬರು. ಖಾಲಿ ಮೆಟ್ಟಿಲುಗಳಿಂದಾಗಿ ಒಂದು ಅನುಕೂಲವೂ ಆಯಿತು: ಆಟಗಾರ್ತಿಯರು ಒಬ್ಬರಿಗೊಬ್ಬರು ಕೂಗಿ ಹೇಳುವುದೆಲ್ಲ ನಮಗೆ ಕೇಳಿಸಿತು. ಗೋಲು ಕಾಯುವವಳು ಒಂದು ಗಳಿಗೆಯೂ ಬಾಯಿ ಮುಚ್ಚಲಿಲ್ಲ. ಅವಳಿಗೆ ಇಡೀ ಬಯಲು ಎದುರಿಗಿರುತ್ತದೆ. ಉಳಿದವರಿಗೆ ಬೆನ್ನ ಹಿಂದೆ ಕಣ್ಣಿಲ್ಲ, ಇವಳೇ ಆ ಕಣ್ಣು. ಆಡುವವರಲ್ಲಿ ಮಣಿಪುರದವರುಂಟು, ಗೋವೆಯವರುಂಟು. ಆದರೂ ಅವರು ನಮ್ಮವರೇ. ಸೊಸೆ ಬೇರೆ ಊರಿಂದ ಬಂದಳೆಂದು ಯಾರಾದರೂ ಅವಳನ್ನು ಮನೆಯವಳಲ್ಲ ಎನ್ನುತ್ತಾರೆಯೆ?

ಹೊಸದಾಗಿ ನೋಡುವವರಿಗೆ ನನ್ನದೊಂದು ಸಲಹೆ. ಚೆಂಡನ್ನೇ ನೋಡಬೇಡಿ. ಚೆಂಡಿಲ್ಲದವರನ್ನು ನೋಡಿ. ಹಿಂದಿನ ಸಾಲಿನ ನಾಲ್ವರು ಒಂದೇ ಹಗ್ಗಕ್ಕೆ ಕಟ್ಟಿದವರಂತೆ ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ ಸರಿಯುತ್ತಾರೆ. ಚೆಂಡು ಹೊರಡುವ ಹೊತ್ತಿಗೆ ಎದುರು ತಂಡದವಳು ಆ ಸಾಲನ್ನು ದಾಟಿ, ಗೋಲಿನವಳೊಬ್ಬಳನ್ನೇ ಎದುರಿಗಿಟ್ಟುಕೊಂಡು ನಿಂತಿದ್ದರೆ 'ಆಫ್‌ಸೈಡು', ಆಟ ನಿಲ್ಲುತ್ತದೆ. ಇದು ನನಗೆ ಅರ್ಥವಾಗಲು ನಾಲ್ಕು ಪಂದ್ಯ ಬೇಕಾಯಿತು. ಬಡಿಸುವ ಮೊದಲೇ ಎಲೆಯ ಮುಂದೆ ಕೂತವನಿಗೆ ಊಟವಿಲ್ಲ ಎಂದು ಮೊಮ್ಮಗಳು ವಿವರಿಸಿದ ಮೇಲೆ ಅರ್ಥವಾಯಿತು.

ಊರಿನಲ್ಲಿ ಇದನ್ನು ಕಂಡು ನಗುವವರೂ ಇದ್ದರು. "ಅಲ್ಲ ಕಣಣ್ಣ, ಹೆಣ್ಣೈಕ್ಳು ಚೆಂಡು ಒದಿಯದ ನೋಡಕ್ಕೆ ಬೆಂಗ್ಳೂರ್‌ಗಂಟ ಹೋಗ್ಬೇಕಾ? ಅದೇನು ನಿಜವಾದ ಆಟ್ವಾ?" ಎಂದರು. ಈ ಪ್ರಶ್ನೆ ನಮ್ಮೂರಿನದಷ್ಟೇ ಅಲ್ಲ. ೧೯೨೦ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹೆಂಗಸರ ಪಂದ್ಯವೊಂದನ್ನು ನೋಡಲು ಐವತ್ತು ಸಾವಿರಕ್ಕೂ ಮಿಕ್ಕಿ ಜನ ಸೇರಿದ್ದರು. ಮರುವರ್ಷವೇ ಅಲ್ಲಿಯ ಫುಟ್‌ಬಾಲ್ ಸಂಸ್ಥೆ ಈ ಆಟ ಹೆಣ್ಣಿಗೆ ತಕ್ಕದ್ದಲ್ಲವೆಂದು ತೀರ್ಮಾನಿಸಿ, ತನ್ನ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಸುಮಾರು ಐವತ್ತು ವರ್ಷ ಆ ಬಾಗಿಲು ತೆರೆಯಲಿಲ್ಲ. ೧೯೯೧ರಲ್ಲಿ ಚೀನಾದಲ್ಲಿ ಹೆಂಗಸರ ಮೊದಲ ವಿಶ್ವಕಪ್ ನಡೆದಾಗಲೂ ಪಂದ್ಯಕ್ಕೆ ಎಂಬತ್ತೇ ನಿಮಿಷ, ಗಂಡಸರಿಗೆ ತೊಂಬತ್ತು. ಈಗ ಬಯಲು ಒಂದೇ ಅಳತೆ, ಚೆಂಡು ಒಂದೇ ಅಳತೆ, ಹೊತ್ತು ಒಂದೇ ಅಳತೆ. ಒಂದೇ ಅಳತೆಯಲ್ಲದ್ದು ನೋಡುವವರ ಸಂಖ್ಯೆ ಮಾತ್ರ.

ನಮ್ಮ ದೇಶದಲ್ಲಿಯೂ ಈ ಆಟ ನಿನ್ನೆ ಮೊನ್ನೆಯದಲ್ಲ. ೧೯೭೫ರಲ್ಲಿ ಭಾರತದ ಮಹಿಳಾ ಫುಟ್‌ಬಾಲ್ ಸಂಸ್ಥೆ ಹುಟ್ಟಿತು. ೧೯೮೦ರ ಜನವರಿಯಲ್ಲಿ ಕಲ್ಲಿಕೋಟೆಯಲ್ಲಿ ಮುಗಿದ ಏಷ್ಯಾ ಪಂದ್ಯಾವಳಿಯಲ್ಲಿ ಭಾರತಕ್ಕೆ ಎರಡನೆಯ ಸ್ಥಾನ. ೧೯೮೩ರಲ್ಲಿ ಬ್ಯಾಂಕಾಕಿನಲ್ಲಿ ಮತ್ತೆ ಎರಡನೆಯ ಸ್ಥಾನ. ಆ ಕಾಲದಲ್ಲಿ ಭಾರತಕ್ಕೆ ಆಡಿದವರಲ್ಲಿ ಬೆಂಗಳೂರಿನ ಚಿತ್ರಾ ಗಂಗಾಧರನ್ ಒಬ್ಬರು. ಆ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ೨೦೨೫ರ ಜುಲೈ ೫ರಂದು ನಮ್ಮ ಹುಡುಗಿಯರು ಥಾಯ್ಲೆಂಡನ್ನು ಅವರ ನೆಲದಲ್ಲೇ ಎರಡಕ್ಕೆ ಒಂದರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದರು. ಎರಡು ಗೋಲನ್ನೂ ಹೊಡೆದವಳು ಸಂಗೀತಾ ಬಾಸ್ಫೋರ್. ಆ ದಿನ ನಮ್ಮ ಮನೆಯಲ್ಲಿ ಪಾಯಸ.

ಇಷ್ಟೆಲ್ಲ ಹೇಳಿ, ಹೇಳಲೇಬೇಕಾದ ಒಂದು ಮಾತನ್ನು ಮುಂದೂಡುತ್ತಿದ್ದೇನೆ. ಅದನ್ನೂ ಹೇಳಿಬಿಡುತ್ತೇನೆ. ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಗ ಓಟದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಡ್ರಿಲ್ ಮೇಷ್ಟ್ರು ಮನೆಗೇ ಬಂದು, ಮಂಡ್ಯದ ಪಂದ್ಯಕ್ಕೆ ಕಳಿಸಿಕೊಡಿ ಎಂದು ಕೇಳಿಕೊಂಡರು. ನಾಲ್ಕು ಜನ ಏನೆಂದಾರು ಎಂದು ನಾನು ಬೇಡವೆಂದೆ. ಅವಳು ಅಳಲಿಲ್ಲ, ಎದುರು ಮಾತಾಡಲಿಲ್ಲ. ಮೇಷ್ಟ್ರು ಕೊಟ್ಟಿದ್ದ ಕ್ಯಾನ್ವಾಸ್ ಜೋಡನ್ನು ತೊಳೆದು ಒಣಗಿಸಿ ಮರುದಿನ ಹಿಂತಿರುಗಿಸಿ ಬಂದಳು. ಹಕ್ಕಿಯನ್ನು ಮಗಳೆಂದು ಕರೆಯುವ ಊರಿನವನು ನಾನು. ಮಗಳನ್ನು ಹಕ್ಕಿಯಂತೆ ಬಿಡಲು ನನ್ನಿಂದ ಆಗಲಿಲ್ಲ.

ಒಂದು ಸಲ ಅವಳನ್ನೂ ಪಂದ್ಯಕ್ಕೆ ಕರೆದುಕೊಂಡು ಹೋದೆವು. ಮೊದಲರ್ಧ ಸುಮ್ಮನೆ ಕೈಕಟ್ಟಿ ಕುಳಿತಿದ್ದಳು. ಎರಡನೆಯ ಅರ್ಧದಲ್ಲಿ ನಮ್ಮ ತಂಡದ ಹುಡುಗಿಯೊಬ್ಬಳು ಬಯಲಂಚಿನಲ್ಲಿ ಇಬ್ಬರನ್ನು ಹಿಂದೆ ಹಾಕಿ ಓಡತೊಡಗಿದಾಗ ಇವಳು ಎದ್ದು ನಿಂತಳು. ಚೆಂಡು ಹೊರಕ್ಕೆ ಹೋಯಿತು, ಗೋಲೇನೂ ಆಗಲಿಲ್ಲ. ಕುಳಿತುಕೊಂಡು, ನನ್ನ ಕಡೆ ತಿರುಗದೆಯೆ, "ನಾನೂ ಹೀಗೇ ಓಡ್ತಿದ್ದೆ, ಅಲ್ವಾ ಅಪ್ಪ?" ಎಂದಳು. "ಇದಕ್ಕಿಂತ ಜೋರಾಗಿ ಓಡ್ತಿದ್ದೆ ಕಣವ್ವ" ಎಂದೆ. ಬೇರೆ ಏನು ಹೇಳಬಹುದಾಗಿತ್ತೋ ನನಗೆ ತೋಚಲಿಲ್ಲ. ಮೊಮ್ಮಗಳು ಮಾತ್ರ ಅಮ್ಮನನ್ನು ಹೊಸಬಳನ್ನು ನೋಡಿದಂತೆ ನೋಡಿದಳು.

ಅಭಿಮಾನಿಯಾಗುವುದರಿಂದ ಏನು ಬಂತು ಎಂದು ಕೇಳುವವರಿಗೆ ನಮ್ಮೂರಿನ ಹುಣಸೆಮರವನ್ನು ತೋರಿಸುತ್ತೇನೆ. ಗೂಡು ಕಟ್ಟಿದ ಮರದಲ್ಲಿ ಹುಣಸೆಹಣ್ಣು ಬಡಿಯುವಂತಿಲ್ಲ. ಮರದ ಒಡೆಯನಿಗೆ ನಷ್ಟ. ಅರಣ್ಯ ಇಲಾಖೆ ಕೊಡುವ ಪರಿಹಾರದಿಂದ ಅದು ಪೂರ್ತಿ ತುಂಬುವುದಿಲ್ಲ. ಕೆಲವು ವರ್ಷ ಹಕ್ಕಿಗಳು ಕಡಮೆ. ೨೦೧೭-೧೮ರಲ್ಲಿ ಜಂತುಹುಳುವಿನ ಬಾಧೆಯಿಂದ ಹೆಜ್ಜಾರ್ಲೆಗಳು ಒಂದರ ಮೇಲೊಂದು ಸತ್ತುಬಿದ್ದವು. ಹಾಗೆಂದು ಮರ ಕಡಿಯೋಣವೆಂದು ನಾವು ಹೊರಡಲಿಲ್ಲ. ಮರ ನಿಂತಿತ್ತು, ಹಕ್ಕಿಗಳು ತಿರುಗಿ ಬಂದವು. ೨೦೦೭ರಲ್ಲಿ ಸರ್ಕಾರ ನಮ್ಮೂರನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಸಾರಿತು, ನಿಜ; ಆದರೆ ಅದಕ್ಕೂ ಎಷ್ಟೋ ಮೊದಲಿನಿಂದ ಕಾಪಾಡುತ್ತ ಬಂದವರು ಮರವನ್ನು ಕಡಿಯದೆ ಸುಮ್ಮನಿದ್ದ ಜನ. ನೋಡುವವನ ಕೆಲಸವೂ ಅಷ್ಟೇ. ನಾನು ಗೋಲು ಹೊಡೆಯಲಾರೆ. ಮೆಟ್ಟಿಲ ಮೇಲೆ ಒಂದು ಜಾಗವನ್ನು ತುಂಬಬಲ್ಲೆ. ನೋಡುವವರಿಲ್ಲದ ತಂಡಕ್ಕೆ ಹಣ ಹಾಕುವವರು ಎಷ್ಟು ದಿನ ನಿಂತಾರು? ತಂಡವೇ ಇಲ್ಲವಾದರೆ ಯಾವ ಹಳ್ಳಿಯ ಯಾವ ಹುಡುಗಿ ಯಾವ ಧೈರ್ಯದಿಂದ ಅಪ್ಪನ ಮುಂದೆ ನಿಂತು ಕೇಳಿಯಾಳು?

ಆದುದರಿಂದ ಓದುಗರೆ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಊರಿನ ಬಯಲಿನಲ್ಲಿ, ಶಾಲೆಯ ಅಂಗಳದಲ್ಲಿ ಹೆಣ್ಣುಮಕ್ಕಳು ಆಡುತ್ತಿದ್ದರೆ, ಅದು ಫುಟ್‌ಬಾಲಾಗಲಿ, ಕಬಡ್ಡಿಯಾಗಲಿ, ಖೋಖೋ ಆಗಲಿ, ಒಂದು ಹತ್ತು ನಿಮಿಷ ನಿಂತು ನೋಡಿ. ಗೆದ್ದವರಾರು ಎಂದು ಕೇಳಿಕೊಂಡು ಮನೆಗೆ ಹೋಗಿ. ಮುಂದಿನ ಸಲ ಇಪ್ಪತ್ತು ನಿಮಿಷ ನಿಲ್ಲುತ್ತೀರಿ. ಅದಕ್ಕೆ ಮುಂದಿನ ಸಲ ಜೊತೆಗೆ ಮಗಳನ್ನೂ ಕರೆದುಕೊಂಡು ಬರುತ್ತೀರಿ.

ನನ್ನ ಮೊಮ್ಮಗಳು ಈಗ ಶಾಲೆಯ ತಂಡದಲ್ಲಿ ಹಿಂದಿನ ಸಾಲಿನಲ್ಲಿ ಆಡುತ್ತಾಳೆ. ಅವಳ ಜೋಡು ಕೊಂಡುಕೊಟ್ಟವಳು ಅವಳ ಅಮ್ಮ. ಹೋದ ವಾರ ಅವರ ತಂಡ ಮೂರು ಗೋಲಿನಿಂದ ಸೋತಿತು. ನಾನು ಚಪ್ಪಾಳೆ ತಟ್ಟಿ ಬಂದೆ.